ಆಶ್ರಯ, ಮಧುಕರ ವೃತ್ತಿ ಮತ್ತು ಮುಂಗಡ: ಹಾಡುಗಾರನ ಜೀವನೋಪಾಯದ ಒಂದು ವಿವೇಚನೆ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ಅಡತಿದಾರನಿರುತ್ತಾನೆ. ಸಂಗೀತ ಕ್ಷೇತ್ರದಲ್ಲಿ ಆ ಸ್ಥಾನ ಬಹುಕಾಲ ಧ್ವನಿಮುದ್ರಣ ಕಂಪನಿಯದಾಗಿತ್ತು. ಅದು ಮುಂಗಡ ಕೊಟ್ಟು, ನಷ್ಟದ ಭಾರ ಹೊತ್ತು, ಪ್ರತಿಯಾಗಿ ಹಾಡಿನ ಹಕ್ಕನ್ನು ಪಡೆಯುತ್ತಿತ್ತು. ಸ್ವತಂತ್ರ ಸಂಗೀತಗಾರರು ಅಭಿಮಾನಿಗಳಿಂದಲೇ ನೇರವಾಗಿ ಹಣ ಕೂಡಿಸುವ ಕ್ರಮ ಕಲಾವಿದನನ್ನು ಈ ಹಂಗಿನಿಂದ ಬಿಡಿಸಿತೆಂಬ ಅಭಿಪ್ರಾಯವಿದೆ. ಅದನ್ನು ಕನ್ನಡ ಪರಂಪರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ನಮ್ಮಲ್ಲಿ ಎರಡು ಮಾದರಿಗಳು ಸ್ಪಷ್ಟವಾಗಿವೆ. ಮೊದಲನೆಯದು ಆಶ್ರಯ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರಿಕೇಸರಿಯೇ ಅರ್ಜುನ, ರನ್ನನ ‘ಅಜಿತಪುರಾಣ’ದಲ್ಲಿ (993) ಆಶ್ರಯವಿತ್ತ ಅತ್ತಿಮಬ್ಬೆಯ ಸ್ತುತಿಯಿದೆ. ಕೊಟ್ಟವರ ಹೆಸರು ಕೃತಿಯೊಳಗೇ ನೆಲೆಸುತ್ತದೆ. ಎರಡನೆಯದು ಹರಿದಾಸರ ಮಧುಕರ ವೃತ್ತಿ. ಹಲವು ಮನೆಗಳ ಒಂದೊಂದು ಹಿಡಿ ಧಾನ್ಯವೇ ಇಲ್ಲಿ ಜೀವನಾಧಾರ. ಪದದ ಕೊನೆಗೆ ಬರುವ ಅಂಕಿತ ‘ಪುರಂದರ ವಿಠಲ’ನದು, ಹಿಡಿಯಕ್ಕಿ ನೀಡಿದವರ ಹೆಸರು ಎಲ್ಲಿಯೂ ಇಲ್ಲ. ಕೊಡುವವನಿಗೆ ಹಾಡಿನ ಮೇಲೆ ಅಧಿಕಾರವಿಲ್ಲವೆಂಬುದೇ ಈ ವೃತ್ತಿಯ ಘನತೆ.

ಇಂದಿನ ಕ್ರಮ ಮೇಲ್ನೋಟಕ್ಕೆ ಮಧುಕರ ವೃತ್ತಿಯನ್ನು ಹೋಲುತ್ತದೆ. 2012ರಲ್ಲಿ ಅಮೆರಿಕದ ಗಾಯಕಿ ಅಮಾಂಡಾ ಪಾಮರ್ ‘ಕಿಕ್‌ಸ್ಟಾರ್ಟರ್’ ಮೂಲಕ ಸುಮಾರು 25 ಸಾವಿರ ಮಂದಿಯಿಂದ ಸುಮಾರು 12 ಲಕ್ಷ ಡಾಲರ್ ಕೂಡಿಸಿದರು. ಕನ್ನಡದಲ್ಲಿ ಇದಕ್ಕೆ ಸಮೀಪದ ನಿದರ್ಶನ ಚಲನಚಿತ್ರದ್ದು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ನೂರಕ್ಕೂ ಹೆಚ್ಚು ಪ್ರೇಕ್ಷಕರು ನೀಡಿದ ಸುಮಾರು 50 ಲಕ್ಷ ರೂಪಾಯಿಗಳಿಂದ ನಿರ್ಮಾಣವಾಯಿತು.

ಆದರೆ ಸಾದೃಶ್ಯ ಇಲ್ಲಿಗೇ ಮುಗಿಯುತ್ತದೆ. ದಾಸರಿಗೆ ಧಾನ್ಯ ದೊರೆತದ್ದು ಹಾಡಿದ ಮನೆಬಾಗಿಲಲ್ಲಿ. ಇಲ್ಲಿ ಹಣ ಬರುವುದು ಕೃತಿ ಹುಟ್ಟುವ ಮೊದಲು. ಮುಂಗಡವಿರುವಲ್ಲಿ ವಾಗ್ದಾನವೂ ಇರುತ್ತದೆ. ಹಸ್ತಾಕ್ಷರದ ಪ್ರತಿ, ಖಾಸಗಿ ಕಚೇರಿ, ಕೊಟ್ಟವರ ಹೆಸರಿನ ಪಟ್ಟಿ ಮುಂತಾದವುಗಳ ಮೂಲಕ ಅರಿಕೇಸರಿಯು ಸಾವಿರ ಚೂರುಗಳಾಗಿ ಮರಳುತ್ತಾನೆ. ಅಡತಿಯೂ ಸಂಪೂರ್ಣವಾಗಿ ಅಳಿದಿಲ್ಲ: ಯಶಸ್ವಿಯಾದ ಪ್ರತಿ ಯೋಜನೆಯಿಂದ ಕಿಕ್‌ಸ್ಟಾರ್ಟರ್ ಶೇಕಡಾ 5ರಷ್ಟು ಪಡೆಯುತ್ತದೆ. ಆದರೆ ಹಳೆಯ ಅಡತಿದಾರನಂತೆ ನಷ್ಟದ ಹೊಣೆಯನ್ನು ಅದು ಹೊರುವುದಿಲ್ಲ.

ಇದಕ್ಕಿಂತ ಗಂಭೀರವಾದ ವ್ಯತ್ಯಾಸ ಇನ್ನೊಂದಿದೆ. ಮಧುಕರ ವೃತ್ತಿ ಪೂರ್ವಪರಿಚಯವನ್ನು ಬೇಡುತ್ತಿರಲಿಲ್ಲ. ಬಾಗಿಲು ತೆರೆದವರೆಲ್ಲ ಕೇಳುಗರೇ. ಹೊಸ ಕ್ರಮ ಮೊದಲೇ ಅಭಿಮಾನಿಗಳುಳ್ಳವರಿಗೆ ಮಾತ್ರ ಫಲಿಸುತ್ತದೆ. ತತ್ವಪದಕಾರರು, ಚೌಡಿಕೆಯವರು ಇದರ ಹೊರಗೇ ಉಳಿಯುವ ಸಂಭವ ಹೆಚ್ಚು. ಹೊರನಾಡಿನ ಸಂಶೋಧಕರು ತಮ್ಮ ಊರುಗಳ ಕನ್ನಡ ಹಾಡುಗಾರರನ್ನು ಕುರಿತು ಅಧ್ಯಯನ ಮಾಡುವಾಗ ಎಷ್ಟು ಹಣ ಕೂಡಿತೆಂಬುದನ್ನಷ್ಟೇ ದಾಖಲಿಸಿದರೆ ಸಾಲದು. ಹಾಡಿನ ಕೊನೆಗೆ ಯಾರ ಅಂಕಿತ ಉಳಿಯಿತೆಂಬುದನ್ನೂ ಕೇಳಬೇಕಾಗುತ್ತದೆ.