ದೊಡ್ಡಮನೆಯ ಎರಡನೆಯ ವೈನು

ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಶಾತೋ ಮಾರ್ಗೋ ಎಂಬ ಹೆಸರಾಂತ ದ್ರಾಕ್ಷಿತೋಟವಿದೆ. 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಅಲ್ಲಿಯ ದಲ್ಲಾಳಿಗಳು ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗ ಮೊದಲ ದರ್ಜೆ ಸಿಕ್ಕಿದ್ದು ನಾಲ್ಕೇ ತೋಟಗಳಿಗೆ. ಅವುಗಳಲ್ಲಿ ಮಾರ್ಗೋ ಒಂದು. ಐದನೆಯದಾಗಿ ಮೂತೋಂ ಸೇರಿಕೊಂಡದ್ದು 1973ರಲ್ಲಿ. ಈ ದೊಡ್ಡಮನೆಯ ಮೊದಲ ವೈನನ್ನು ಸವಿಯುವ ಯೋಗ ಸಂಬಳದವರಿಗೆ ಸುಲಭವಾಗಿ ಬರುವಂಥದಲ್ಲ. ಆದರೆ ಅದೇ ತೋಟದ ಎರಡನೆಯ ವೈನು, ಪವಿಯೋಂ ರೂಜ್, ಪರದೇಶದಿಂದ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ಒಮ್ಮೊಮ್ಮೆ ನಮ್ಮವರ ಮನೆಗಳಿಗೂ ಬಂದಿಳಿಯುತ್ತದೆ. ಹಾಗೆ ಬಂದ 2015ರ ಬೆಳೆಯ ಶೀಶೆಯೊಂದನ್ನು ನಾವು ನಾಲ್ವರು ಹಂಚಿಕೊಂಡೆವು. ಮದ್ಯವೆಂದರೆ ಮುಖ ತಿರುಗಿಸುವ ವಾಚಕರು ಈ ಪುಟವನ್ನು ಮಗುಚಿ ಮುಂದೆ ಹೋಗಬಹುದು, ನಮಗೇನೂ ಬೇಸರವಿಲ್ಲ.

ಎರಡನೆಯದು ಎಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಎರಡನೆಯ ಡಿಕಾಕ್ಷನ್. ಫಿಲ್ಟರಿನಲ್ಲಿ ಉಳಿದ ಪುಡಿಗೆ ಮತ್ತೊಮ್ಮೆ ಬಿಸಿನೀರು ಸುರಿದು ಇಳಿಸಿದ್ದು, ಮನೆಯವರಿಗೆ. ಮೊದಲನೆಯದು ಬಂದ ನೆಂಟರಿಗೆ. ಎರಡನೆಯ ವೈನನ್ನು ಹೀಗೆಂದು ತಿಳಿದವರು ಬಹಳ ಮಂದಿ. ಇದು ಹಿಂಡಿದ ದ್ರಾಕ್ಷಿಯನ್ನೇ ಮತ್ತೆ ಹಿಂಡಿದ್ದಲ್ಲ. ತೋಟದ ಒಂದೊಂದು ತುಂಡಿನ ಹಣ್ಣನ್ನೂ ಬೇರೆ ಬೇರೆಯಾಗಿ ಹುದುಗಿಸಿ, ಚಳಿಗಾಲದಲ್ಲಿ ಒಂದೊಂದನ್ನೂ ರುಚಿ ನೋಡಿ, ಯಾವುದು ಯಾವ ಶೀಶೆಗೆಂದು ತೀರ್ಮಾನಿಸುತ್ತಾರೆ. ಎಳೆಯ ಬಳ್ಳಿಗಳದ್ದು, ತೇವ ಹೆಚ್ಚು ಹಿಡಿಯುವ ನೆಲದ್ದು, ಸಾರ ಕೊಂಚ ಕಡಿಮೆಯಾದದ್ದು ಎರಡನೆಯ ಸಾಲಿಗೆ ಸೇರುತ್ತದೆ. ಈಚಿನ ಹಂಗಾಮುಗಳಲ್ಲಿ ಮೊದಲ ವೈನಿಗೆ ಸಲ್ಲುವುದು ಇಡೀ ಬೆಳೆಯ ಮೂರರಲ್ಲೊಂದು ಪಾಲಿನ ಆಸುಪಾಸು ಮಾತ್ರ. ಹೀಗಾಗಿ ಎರಡನೆಯದು ಆಯ್ಕೆಯ ಇನ್ನೊಂದು ಮುಖ. ಮೊದಲನೆಯದರ ಉಳಿಕೆ ಎಂದು ಕರೆಯುವುದು ಅನ್ಯಾಯ.

ಎಲ್ಲ ಮನೆಗಳಲ್ಲೂ ಲೆಕ್ಕ ಒಂದೇ ಅಲ್ಲವೆಂಬುದನ್ನೂ ಹೇಳಬೇಕು. ಲಾತೂರ್ ತೋಟದ ಎರಡನೆಯದಾದ ಲೇ ಫೋರ್ ದ ಲಾತೂರಿಗೆ, ಹಳೆಯ ಆವರಣದ ಹೊರಗಿನ ನೆಲಗಳ ಹಣ್ಣೂ ಹೋಗುತ್ತದೆ. ಅದರ ಮೊದಲ ಬೆಳೆ 1966ರದ್ದು. ಎರಡನೆಯದು ಎಂಬ ಪದ ಒಂದೇ, ಅರ್ಥ ಮನೆಗೊಂದು.

ಪವಿಯೋಂ ರೂಜ್ ಎಂಬ ಹೆಸರು 1908ರಿಂದ ಇದೆ. ಮುಂದೆ ಈ ವೈನು ಬಹುಕಾಲ ನಿಂತುಹೋಗಿತ್ತು. 1977ರಲ್ಲಿ ಗ್ರೀಕ್ ಮೂಲದ ಆಂದ್ರೆ ಮೆಂಟ್ಜೆಲೋಪುಲೋಸ್ ತೋಟವನ್ನು ಕೊಂಡಾಗ ಮಾರ್ಗೋದ ಹೆಸರು ಬಾಡಿಹೋಗಿತ್ತು. ಮೊದಲ ದರ್ಜೆಯ ಶೀಶೆಯೊಳಗೆ ಮೊದಲ ದರ್ಜೆಯ ವೈನಿಲ್ಲವೆಂದು ಬಲ್ಲವರೇ ಆಡಿಕೊಳ್ಳುತ್ತಿದ್ದರು. ಅವರು ತೋಟಕ್ಕೆ ಧಾರಾಳವಾಗಿ ಹಣ ಸುರಿದರು, ಪ್ರೊಫೆಸರ್ ಎಮಿಲ್ ಪೆನೋ ಅವರ ಸಲಹೆ ಪಡೆದರು, ಪವಿಯೋಂ ರೂಜನ್ನು ಮತ್ತೆ ಎಬ್ಬಿಸಿದರು. 1980ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಕೊರೀನ್ ಅದನ್ನೇ ಮುಂದುವರಿಸಿದರು. ನಮಗೆ ಇಲ್ಲಿ ಮುಖ್ಯವೆನಿಸುವುದು ಇಷ್ಟು: ಒಪ್ಪದ ಪೀಪಾಯಿಗೆ ಹೋಗಲು ಬೇರೆ ದಾರಿ ಇದ್ದಾಗಲೇ ಒಪ್ಪುವ ಪೀಪಾಯಿಯನ್ನು ಕಟ್ಟುನಿಟ್ಟಾಗಿ ಆರಿಸಲು ಸಾಧ್ಯ. ತಂಗಿ ಬಂದು ಅಕ್ಕನ ಮಾನ ಉಳಿಸಿದಳು. 2009ರ ಬೆಳೆಯಿಂದ ಮೂರನೆಯದೊಂದೂ ಬಂದಿದೆ. ಈಗ ತಂಗಿಗೂ ಒಬ್ಬ ತಂಗಿ ಇರುವುದರಿಂದ ಪವಿಯೋಂ ರೂಜಿನ ಆಯ್ಕೆಯೂ ಬಿಗಿಯಾಗಿದೆ.

ಇನ್ನು ರುಚಿ. ಕ್ಯಾಬರ್ನೆ ಸೊವಿನ್ಯೋಂ ಮುಂದಾಗಿ, ಮೆರ್ಲೋ ಅದರ ಹಿಂದೆ ನಿಂತ ಮಿಶ್ರಣ ಇದು. ಬಣ್ಣ ಗಾಢ, ಲೋಟದ ಅಂಚಿನಲ್ಲಷ್ಟೇ ತುಸು ತಿಳಿ. ಶೀಶೆ ತೆರೆದ ಕೂಡಲೇ ಮೂಗಿಗೆ ಏನೂ ಸಿಗಲಿಲ್ಲ; ನಾಲ್ವರಲ್ಲಿ ಒಬ್ಬರು ಇಷ್ಟಕ್ಕೇ ಇಷ್ಟೊಂದು ದುಡ್ಡೇ ಎಂದುಬಿಟ್ಟರು. ಮುಕ್ಕಾಲು ಗಂಟೆ ಕಳೆದ ಮೇಲೆ ಮೊಗ್ಗು ಬಿರಿದಂತೆ ಪರಿಮಳ ಎದ್ದಿತು. ಬಲ್ಲವರು ಇದನ್ನು ವಾಯಲೆಟ್ ಹೂವಿಗೂ ಕಪ್ಪು ಕರಂಟಿಗೂ ಹೋಲಿಸುತ್ತಾರೆ. ಆ ಹಣ್ಣನ್ನು ಗಿಡದಿಂದ ಕಿತ್ತು ತಿಂದ ನೆನಪು ನಮ್ಮಲ್ಲಿ ಯಾರಿಗಿದೆ? ನಮಗೆ ಹೊಳೆದದ್ದು ಮಾಗಿದ ನೇರಳೆಹಣ್ಣು, ಆಗತಾನೆ ಚೂಪು ಮಾಡಿದ ಪೆನ್ಸಿಲ್ಲಿನ ಮರದ ವಾಸನೆ. ನಾಲಿಗೆಯ ಮೇಲೆ ಸಣ್ಣ ಒಗರು, ಎಳೆಯ ಅಡಿಕೆಯದ್ದರಂತೆ. ಆದರೆ ಬಾಯಿ ಕಟ್ಟಿಸುವಂಥದಲ್ಲ, ರೇಷ್ಮೆ ಸವರಿದ ಹಾಗೆ. ಇಷ್ಟರವರೆಗೆ ದೊಡ್ಡಮನೆಯ ಲಕ್ಷಣವೆಲ್ಲ ಇದೆ. ಕೊರತೆ ಇರುವುದು ನಡುವಿನಲ್ಲಿ. ಆಲಾಪನೆ ಸೊಗಸಾಗಿ ಎದ್ದು, ವಿಸ್ತಾರಕ್ಕೆ ಬರುವ ಹೊತ್ತಿಗೆ ಗಾಯಕರು ಗಡಿಯಾರ ನೋಡಿಕೊಂಡಂತೆ, ರುಚಿ ತುಂಬಿ ಬರಬೇಕಾದ ಕಡೆ ತೆಳುವಾಗಿ ಬೇಗ ಮುಗಿಯುತ್ತದೆ. ಕಸರಿಲ್ಲ, ಕಹಿಯಿಲ್ಲ, ಮರ್ಯಾದಸ್ಥ ವೈನು. ಅದ್ಭುತವೆನ್ನಲು ಮಾತ್ರ ನಮ್ಮ ನಾಲಿಗೆ ಏಳಲಿಲ್ಲ.

ನಮ್ಮ ತಕರಾರು ವೈನಿನ ಮೇಲಲ್ಲ, ಬೆಲೆಯ ಮೇಲೆ. ದೊಡ್ಡ ಹೆಸರನ್ನು ಕಡಿಮೆ ಖರ್ಚಿನಲ್ಲಿ ಪರಿಚಯ ಮಾಡಿಕೊಳ್ಳುವ ಬಾಗಿಲು ಎಂದು ಎರಡನೆಯ ವೈನುಗಳನ್ನು ಹೊಗಳುತ್ತಿದ್ದ ಕಾಲವೊಂದಿತ್ತು. ಈಗ ಅಕ್ಕನ ಹೆಸರು ತಂಗಿಯ ಬೆಲೆಯನ್ನೂ ಮೇಲೆತ್ತಿದೆ. ಪವಿಯೋಂ ರೂಜಿಗೆ ಕೊಡುವ ಹಣದಲ್ಲಿ ಅದೇ ಮಾರ್ಗೋ ಸೀಮೆಯ, 1855ರ ಪಟ್ಟಿಯಲ್ಲಿ ಎರಡನೆಯ ದರ್ಜೆ ಪಡೆದ ರೋಜಾಂ-ಸೇಗ್ಲ ತೋಟದ ಮೊದಲ ವೈನೇ ಬರುತ್ತದೆ, ಚಿಲ್ಲರೆಯೂ ಉಳಿಯುತ್ತದೆ. ಮೂರನೆಯ ದರ್ಜೆಯ ಜಿಸ್ಕೂರ್ ಆದರೆ ಎರಡು ಶೀಶೆಗಳೇ ಬಂದಾವು. ಅಲ್ಲಿ ನಿಮ್ಮ ಲೋಟಕ್ಕೆ ಬೀಳುವುದು ಆ ಮನೆಯವರು ತಮ್ಮ ಅತ್ಯುತ್ತಮವೆಂದು ಆರಿಸಿದ್ದು. ಮಾರ್ಗೋ ಕುಡಿದೆವು ಎಂದು ಹೇಳಿಕೊಳ್ಳುವುದಕ್ಕಾಗಿ ಮಕ್ಕಳ ಗಳಿಕೆಯನ್ನು ಸುರಿಯುವವರಿಗೆ ಇಷ್ಟು ತಿಳಿದಿರಲಿ: ಕುಡಿದದ್ದು ಪವಿಯೋಂ ರೂಜ್. ಅದನ್ನು ಅದರ ಹೆಸರಿನಿಂದಲೇ ಕರೆದು ಮೆಚ್ಚಿದರೆ ಅದಕ್ಕೂ ಗೌರವ.

ಕ್ಯಾಬರ್ನೆಯ ಒಗರು ನಾಲಿಗೆಗೆ ಹೊಸದೆನ್ನುವವರು ಊರಿಗೆ ಹೋದಾಗ ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಕೆಂಪು ವೈನಿನಿಂದ ಆರಂಭಿಸಬಹುದು. ಬೋರ್ಡೋದ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದು ತಿದ್ದಿದ ತೋಟ ಅದು. ಖರ್ಚು ಕಡಿಮೆ, ಅಭ್ಯಾಸಕ್ಕೆ ಸಾಕು.

ಪವಿಯೋಂ ರೂಜ್ ಈಗಾಗಲೇ ಮನೆಗೆ ಬಂದಿದ್ದರೆ ಅದನ್ನು ಗಾಡ್ರೇಜ್ ಬೀರುವಿನ ನೆತ್ತಿಯ ಮೇಲೋ ಅಡಿಗೆಮನೆಯ ಅಟ್ಟದ ಮೇಲೋ ಇಡಬೇಡಿ. ಮುಂಬಯಿ, ಮದರಾಸುಗಳ ಸೆಕೆಗೆ ಒಂದು ಬೇಸಿಗೆಯಲ್ಲೇ ಬೆಂದುಹೋದೀತು. ಕುಡಿಯುವ ದಿನ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಗಾಜಿನ ಹೂಜಿಗೆ ಬಗ್ಗಿಸಿ ಒಂದು ಗಂಟೆ ಗಾಳಿಗೆ ಬಿಡಿ. ಜೊತೆಗೆ ಖಾರದ ಮಾಂಸದ ಸಾರು ಬೇಡ. ಮೆಣಸಿನಕಾಯಿಗೆ ಒಗರು ಇಮ್ಮಡಿಯಾಗಿ ಎರಡೂ ಕೆಡುತ್ತವೆ. ಉಪ್ಪು ಹಾಕಿ ಹುರಿದ ಗೋಡಂಬಿ ನಮಗೆ ಚೆನ್ನಾಗಿ ಹೊಂದಿತು.