ಕೊಂಡಕುಂದ: ಊರ ಹೆಸರು, ಅನ್ವಯನಾಮ ಮತ್ತು ಪಾಠಶುದ್ಧಿ

ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯಗಳ ಕರ್ತೃವಿನ ನಾಮಧೇಯವು ಮುದ್ರಿತ ಗ್ರಂಥಗಳಲ್ಲಿ ಪ್ರಾಯಶಃ 'ಕುಂದಕುಂದ' ಎಂದೇ ಕಾಣಿಸುತ್ತದೆ. ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ದೊರೆಯುವುದಾದರೋ 'ಕೊಂಡಕುಂದ' ಎಂಬ ರೂಪ. ಈ ಭೇದವನ್ನು ಕೇವಲ ಉಚ್ಚಾರದ ವಿಕಲ್ಪವೆಂದು ಬಗೆದು ಕೈಬಿಡುವುದು ಯುಕ್ತವಲ್ಲ.

ಆಚಾರ್ಯರ ದೀಕ್ಷಾನಾಮ ಪದ್ಮನಂದಿ ಎಂಬುದು ಶ್ರವಣಬೆಳ್ಗೊಳದ ಶಾಸನಗಳಿಂದಲೂ ಜಯಸೇನರ ವೃತ್ತಿಯಿಂದಲೂ ವಿದಿತವಾಗಿದೆ. ಇಂದ್ರನಂದಿಯ ಶ್ರುತಾವತಾರವು ಪದ್ಮನಂದಿಗಳನ್ನು ಕುಂಡಕುಂದಪುರದೊಡನೆ ಸೇರಿಸಿ ಹೇಳುವುದರಿಂದ ಎರಡನೆಯದು ಊರಿನಿಂದ ಬಂದ ಹೆಸರೆಂದು ಸ್ಪಷ್ಟವಾಗುತ್ತದೆ. ಅದೇ ಗ್ರಂಥದ ತುಂಬುಲೂರಾಚಾರ್ಯರ ಹೆಸರೂ ಇದೇ ಬಗೆಯದು. ಆ ಊರು ಇಂದಿನ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ, ಗುಂತಕಲ್ಲಿನ ಸಮೀಪದ ಕೊನಕೊಂಡ್ಲ. ಅಲ್ಲಿಯ ಗುಡ್ಡದ ಜೈನ ಅವಶೇಷಗಳನ್ನೂ ಕನ್ನಡ ಶಾಸನಗಳನ್ನೂ ಪಿ. ಬಿ. ದೇಸಾಯಿಯವರು 1957ರ ತಮ್ಮ ಗ್ರಂಥದಲ್ಲಿ ಪರಿಶೀಲಿಸಿದ್ದಾರೆ. 'ಕೊಂಡ' ಎಂದರೆ ಬೆಟ್ಟ. ಗುಡ್ಡದ ಅಡಿಯ ಊರಿಗೆ ಇದಕ್ಕಿಂತ ಸಹಜವಾದ ಹೆಸರಿಲ್ಲ.

ಕುಂದಪುಷ್ಪದಿಂದ ಹೆಸರನ್ನು ಸಾಧಿಸುವ ಪ್ರಯತ್ನವು ಕಿವಿಗೆ ಇಂಪಾಗಿದ್ದರೂ ವ್ಯಾಕರಣಕ್ಕೆ ಒಗ್ಗದು. ಅದಕ್ಕೆ ಆಧಾರವಾಗಬಲ್ಲ ಮಲ್ಲಿಷೇಣ ಪ್ರಶಸ್ತಿಯೇ (ಕ್ರಿ.ಶ. 1129) ಅದಕ್ಕೆ ವಿರುದ್ಧ ಸಾಕ್ಷಿ. ಅಲ್ಲಿ ಕೀರ್ತಿಗೆ ಕುಂದದ ಕಾಂತಿಯನ್ನು ಹೋಲಿಸಿರುವುದು ನಿಜ. ಆದರೆ ಆಚಾರ್ಯರನ್ನು ಕರೆದಿರುವುದು 'ಕೌಂಡಕುಂದ' ಎಂದು. ವೃದ್ಧಿಯಾದಾಗ ಉಕಾರ ಓಕಾರಗಳೆರಡೂ ಔಕಾರವಾಗುವುದರಿಂದ ಸ್ವರವು ಇಲ್ಲಿ ಏನನ್ನೂ ನಿರ್ಣಯಿಸದು. ನಿರ್ಣಾಯಕವಾದುದು ಡಕಾರ. ಕುಂದಪುಷ್ಪದಲ್ಲಿ ಇರುವುದು ದಂತ್ಯ, 'ಕೊಂಡ'ದಲ್ಲಿ ಮೂರ್ಧನ್ಯ. ಹೂವು ಕವಿಯ ಅಲಂಕಾರ, ಹೆಸರಿನ ಮೂಲವಲ್ಲ.

ಲಿಪಿಕಾರರ ತಿದ್ದುಪಡಿಯನ್ನು ಹಿಡಿಯುವುದು ಏಕೆ ಕಷ್ಟವೆಂಬುದೂ ಗಮನಾರ್ಹ. ಕೊಂಡಕುಂದ, ಕುಂದಕುಂದ ಎರಡರಲ್ಲಿಯೂ ಗುರು-ಲಘುಗಳ ವಿನ್ಯಾಸ ಒಂದೇ. ಆದುದರಿಂದ ಒಂದನ್ನು ತೆಗೆದು ಇನ್ನೊಂದನ್ನಿಟ್ಟರೆ ಛಂದಸ್ಸು ಕೆಡದು, ಓದುಗನಿಗೆ ಸಂಶಯವೂ ಬಾರದು. ಓಲೆಗರಿಯಲ್ಲಿ ಡಕಾರ ದಕಾರಗಳ ಆಕೃತಿಸಾಮ್ಯವು ಇದಕ್ಕೆ ಮತ್ತಷ್ಟು ಅನುಕೂಲ. ಸಂಪಾದಕನು ಪ್ರತಿಯಲ್ಲಿರುವ 'ಕೊಂಡಕುಂದ'ವನ್ನು ಅಪಪಾಠವೆಂದು ತಿದ್ದಿದರೆ ಅಳಿಯುವುದು ಊರಿನ ಸಾಕ್ಷ್ಯ.

ಕ್ರಿ.ಶ. 1386ರ ವಿಜಯನಗರದ ಶಾಸನವು ಇದೇ ಆಚಾರ್ಯರಿಗೆ ವಕ್ರಗ್ರೀವ, ಏಲಾಚಾರ್ಯ, ಗೃಧ್ರಪಿಂಛ ಎಂಬ ಹೆಸರುಗಳನ್ನೂ ಕೂಡಿಸುತ್ತದೆ. ಎ. ಎನ್. ಉಪಾಧ್ಯೆಯವರು ಪ್ರವಚನಸಾರದ ಪ್ರಸ್ತಾವನೆಯಲ್ಲಿ (1935) ಇವನ್ನು ಸಂದೇಹದಿಂದ ಕಂಡುದು ಸರಿಯಾಗಿಯೇ ಇದೆ. ಗೃಧ್ರಪಿಂಛರೆಂದರೆ ಬೆಳ್ಗೊಳದ ಪರಂಪರೆಗೆ ಉಮಾಸ್ವಾತಿಗಳು.

ಮುಂದೆ ಆ ಹೆಸರು ಮುನಿಸಂಘದ ಕುಲನಾಮದಂತೆ 'ಕೊಂಡಕುಂದಾನ್ವಯ'ವಾಯಿತು. ಇಲ್ಲಿ ಒಂದು ಎಚ್ಚರ ಅವಶ್ಯ. ಊರ ಹೆಸರು ವ್ಯಕ್ತಿಗೂ ವ್ಯಕ್ತಿಯ ಹೆಸರು ಅನ್ವಯಕ್ಕೂ ಸಂದಿತೆಂಬುದು ಒಂದು ಕ್ರಮ. ಅನ್ವಯವೇ ನೇರವಾಗಿ ಊರಿನಿಂದ ಹೆಸರು ಪಡೆದಿರಬಹುದೆಂಬುದು ಇನ್ನೊಂದು. ಎರಡನೆಯದನ್ನು ಒಪ್ಪಿದರೆ ಅನ್ವಯದ ಉಲ್ಲೇಖಮಾತ್ರದಿಂದ ಆಚಾರ್ಯರ ಕಾಲವನ್ನು ಅಳೆಯುವುದು ಸಾಧ್ಯವಿಲ್ಲ. ಶಕ 388ರ ತೇದಿಯುಳ್ಳ ಮಡಿಕೇರಿಯ ತಾಮ್ರಶಾಸನವನ್ನು ಅವರ ಕಾಲದ ಕೆಳಗಣ ಮೇರೆಯಾಗಿ ಬಳಸುವವರಿಗೆ ಹೀಗೆ ಎರಡು ತೊಡಕುಗಳು: ಆ ಶಾಸನವು ತರುವಾಯ ಸೃಷ್ಟಿಸಿದ್ದೆಂದು ಹಲವು ವಿದ್ವಾಂಸರು ತಿಳಿದಿರುವುದು ಒಂದು, ಅದರಲ್ಲಿ ಹೇಳಿರುವುದು ಅನ್ವಯವನ್ನೇ ಹೊರತು ಆಚಾರ್ಯರನ್ನಲ್ಲ ಎಂಬುದು ಮತ್ತೊಂದು.