ಸೈರನ್ ತಂತಿಗೆ ಜೋತುಬಿದ್ದ ಡಯಲರ್

ಬೀದಿಯಲ್ಲಿ ಸೈರನ್ ಕೂಗಿದರೆ ಈಗ ಯಾರೂ ಹೊರಗೆ ಬಂದು ನೋಡುವುದಿಲ್ಲ. ಯಾರದೋ ಕಾರಿನದ್ದು, ಇಲ್ಲವೇ ಬೆಕ್ಕಿನ ಕಿತಾಪತಿ ಎಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಅಲಾರಂ ಪ್ಯಾನೆಲ್ಲಿಗೆ ಆಟೋ ಡಯಲರ್ ಸೇರಿಸುವ ರೂಢಿಗೆ ಇದೇ ಕಾರಣ. ಬಾಗಿಲು ಒಡೆದ ಕೂಡಲೇ ಆ ಪುಟ್ಟ ಪೆಟ್ಟಿಗೆ ಮನೆಯವರ ಫೋನಿಗೆ ತಾನೇ ಕರೆ ಮಾಡಿ, ಮೊದಲೇ ರೆಕಾರ್ಡ್ ಮಾಡಿಟ್ಟ ಮಾತನ್ನು ಒಪ್ಪಿಸುತ್ತದೆ. ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿನ ಮಗನ ಮನೆಯಲ್ಲಿ ಅರ್ಧ ವರ್ಷ ಕಳೆಯುವ ಹಿರಿಯರಿಗೆ ಇದೊಂದು ಧೈರ್ಯ. ಆಲೋಚನೆಯಲ್ಲಿ ದೋಷವಿಲ್ಲ. ನನ್ನ ತಕರಾರು ಅದನ್ನು ನಮ್ಮಲ್ಲಿ ಜೋಡಿಸುವ ರೀತಿಯ ಬಗ್ಗೆ. ಎಲ್ಲವೂ ಸರಿಯಿದ್ದಾಗ ಡಯಲರ್ ಸುಮ್ಮನಿರುತ್ತದೆ, ಕೆಟ್ಟು ಕೂತಾಗಲೂ ಸುಮ್ಮನಿರುತ್ತದೆ. ಯಾವ ಸುಮ್ಮನೆ ಯಾವುದು ಎಂದು ಮನೆಯವರಿಗೆ ತಿಳಿಯುವ ದಾರಿಯನ್ನೇ ಜೋಡಿಸಿದವರು ಇಟ್ಟಿರುವುದಿಲ್ಲ.

ಫೋನಿಗೂ ಕಳ್ಳರ ಅಲಾರಮ್ಮಿಗೂ ನಂಟು ಹಳೆಯದು. 1877ರಲ್ಲಿ ಬಾಸ್ಟನ್ನಿನ ಎಡ್ವಿನ್ ಹೋಮ್ಸ್ ಬ್ಯಾಂಕುಗಳಿಂದ ತನ್ನ ಕಚೇರಿಗೆ ಎಳೆಸಿದ್ದ ಅಲಾರಂ ತಂತಿಗಳಿಗೇ ಗ್ರಹಾಂ ಬೆಲ್‌ನ ಹೊಸ ಫೋನುಗಳನ್ನು ಹಚ್ಚಿ ನೋಡಿದ. ಹಗಲು ಮಾತುಕತೆ, ರಾತ್ರಿ ಕಾವಲು. ಆದರೆ ಆ ತಂತಿಯ ಇನ್ನೊಂದು ತುದಿಯಲ್ಲಿ ಇದೇ ಕೆಲಸಕ್ಕೆಂದು ಕೂತ ಮನುಷ್ಯನಿರುತ್ತಿದ್ದ. ಎಷ್ಟೋ ವರ್ಷಗಳ ನಂತರ ಅಮೆರಿಕದಲ್ಲಿ ಟೇಪು ಸುತ್ತುವ ಡಯಲರುಗಳು ಬಂದು ಸೀದಾ ಪೊಲೀಸರಿಗೇ ಫೋನು ಹಚ್ಚತೊಡಗಿದಾಗ, ಸುಳ್ಳು ಕರೆಗಳ ಕಾಟ ತಾಳದೆ ಅನೇಕ ನಗರಗಳು ಅವನ್ನು ನಿಷೇಧಿಸಿದವು. ಡಯಲರಿನ ಪಟ್ಟಿಯಲ್ಲಿ 112 ತುಂಬಿಸಿಕೊಡುವ ನಮ್ಮವರು ಇದನ್ನೊಮ್ಮೆ ಯೋಚಿಸಬೇಕು. ಬೆಕ್ಕು ಹಾದರೂ ಗಾಳಿಗೆ ಕಿಟಕಿ ಬಡಿದರೂ ಹೋಗುವ ಕರೆ ಅದು.

ಈಗ ಪ್ಯಾನೆಲ್ಲಿನ ಮುಚ್ಚಳ ತೆಗೆದು ನೋಡೋಣ. ಕೆಳಗೆ 12 ವೋಲ್ಟಿನ, 7 ಎಎಚ್ ಬ್ಯಾಟರಿ. ಮೇಲೆ ಬೋರ್ಡು, ಬೋರ್ಡಿನ ಅಂಚಿಗೆ ಸ್ಕ್ರೂ ಟರ್ಮಿನಲ್ಲುಗಳ ಸಾಲು. ಸೈರನ್ನಿಗೆ ಹೋಗುವ ಜೋಡಿ ತಂತಿಯ ಸಿಪ್ಪೆಯನ್ನು ನಡುದಾರಿಯಲ್ಲಿ ಸುಲಿದು, ಡಯಲರಿನ ಟ್ರಿಗರ್ ತಂತಿಯನ್ನು ಅದಕ್ಕೆ ಸುತ್ತಿ, ಮೇಲೊಂದಿಷ್ಟು ಇನ್ಸುಲೇಷನ್ ಟೇಪು ಹಾಕಿರುತ್ತಾರೆ. ಸೈರನ್ನಿಗೆ ಕರೆಂಟು ಹರಿದರೆ ಟ್ರಿಗರಿಗೂ ಹರಿಯುತ್ತದೆ, ಡಯಲರ್ ಏಳುತ್ತದೆ. ಅರ್ಧ ಗಂಟೆಯ ಕೆಲಸ, ದುಡ್ಡು ಎಣಿಸಿಕೊಂಡು ಹೊರಟರಾಯಿತು.

ತಾಪತ್ರಯ ಶುರುವಾಗುವುದೇ ಇಲ್ಲಿಂದ. ಕೆಲವು ಪ್ಯಾನೆಲ್ಲುಗಳಲ್ಲಿ ಸೈರನ್ನಿನ ಪ್ಲಸ್ ತಂತಿಯಲ್ಲಿ ಸದಾ 12 ವೋಲ್ಟ್ ಇರುತ್ತದೆ, ಆನ್-ಆಫ್ ಆಗುವುದು ಮೈನಸ್ ಕಡೆ. ಅಂಥದ್ದಕ್ಕೆ ಪ್ಲಸ್ ಟ್ರಿಗರಿನ ಡಯಲರ್ ಸಿಕ್ಕಿಸಿದರೆ ಸಿಕ್ಕಿಸಿದ ಗಳಿಗೆಯಲ್ಲೇ ಊರಿಗೆಲ್ಲ ಫೋನು ಹೋಗುತ್ತದೆ. ಈ ತಪ್ಪು ಕೂಡಲೇ ಗೊತ್ತಾಗುವುದರಿಂದ ಪರವಾಗಿಲ್ಲ. ಇನ್ನೊಂದು ತಪ್ಪು ನಿಧಾನದ್ದು. ರಿಮೋಟಿನಿಂದ ಅಲಾರಂ ಹಾಕುವಾಗ, ತೆಗೆಯುವಾಗ ಸೈರನ್ ಒಂದೆರಡು ಸಲ ಚಿಂವ್ ಅನ್ನುತ್ತದಲ್ಲ, ಅದೂ ಇದೇ ತಂತಿಯಲ್ಲೇ ಹರಿಯುವ ಕರೆಂಟು. ಡಯಲರಿಗೆ ಚಿಂವ್ ಯಾವುದು, ಕಳ್ಳ ಯಾರು ಎಂಬ ಭೇದ ತಿಳಿಯದು. ತರಕಾರಿಗೆಂದು ಹೊರಟವರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ನಾಲ್ಕು ದಿನ ಹೀಗಾದ ಮೇಲೆ ಆ ಕರೆಯನ್ನು ಯಾರೂ ಎತ್ತುವುದಿಲ್ಲ. ಐದನೆಯ ದಿನ ಡಯಲರಿನ ಸ್ವಿಚ್ಚೇ ಆರಿರುತ್ತದೆ.

ಸರಿಯಾದ ದಾರಿ ದುಬಾರಿಯೇನಲ್ಲ. ಒಳ್ಳೆಯ ಪ್ಯಾನೆಲ್ಲುಗಳಲ್ಲಿ ಸೈರನ್ನಿಗೆ ಸಂಬಂಧವಿಲ್ಲದ ಪ್ರತ್ಯೇಕ ಔಟ್‌ಪುಟ್ ಇರುತ್ತದೆ. ನಿಜವಾದ ಅಲಾರಂ ಆದಾಗ ಮಾತ್ರ ಅದು ಎಚ್ಚರಾಗುವಂತೆ ಪ್ರೋಗ್ರಾಮ್ ಮಾಡಬಹುದು. ಅದರಿಂದ 12 ವೋಲ್ಟಿನ ಪುಟ್ಟ ರಿಲೇಯೊಂದನ್ನು ಎಳೆಸಿ, ರಿಲೇಯ ಕಾಂಟ್ಯಾಕ್ಟನ್ನು ಡಯಲರಿಗೆ ಕೊಟ್ಟರೆ ಎರಡು ಪೆಟ್ಟಿಗೆಗಳ ಕರೆಂಟು ಒಂದಕ್ಕೊಂದು ತಾಗುವುದಿಲ್ಲ, ಪ್ಲಸ್-ಮೈನಸ್ಸಿನ ಜಗಳವೂ ಇರುವುದಿಲ್ಲ. ರಿಲೇ ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್, ತಿರುಗಿಸಿ. ರಿಲೇ ಆಫ್ ಆಗುವಾಗ ಕಾಯಿಲ್ ಹಿಂದಕ್ಕೆ ಒದೆಯುವ ವೋಲ್ಟೇಜನ್ನು ಅದು ತಡೆಯುತ್ತದೆ. ಕೆಲವೇ ರೂಪಾಯಿಯ ಈ ಡಯೋಡನ್ನು ಮರೆತು ಪ್ಯಾನೆಲ್ಲಿನ ಔಟ್‌ಪುಟ್ ಸುಟ್ಟುಕೊಳ್ಳುವುದು ಹೊಸದೇನಲ್ಲ.

ವಿದ್ಯುತ್ತಿನ ಲೆಕ್ಕ ಇದಕ್ಕಿಂತ ಮೋಸದ್ದು. ಸಿಮ್ ಹಾಕುವ ಅಗ್ಗದ ಡಯಲರುಗಳಲ್ಲಿ ಹೆಚ್ಚಾಗಿ ಕಾಣುವ ಎಸ್‌ಐಎಂ800 ಬಗೆಯ ಮಾಡ್ಯೂಲು ಸುಮ್ಮನಿದ್ದಾಗ ಹೆಚ್ಚೇನೂ ಕರೆಂಟು ಕೇಳುವುದಿಲ್ಲ. ಟವರ್ ಜತೆ ಮಾತಾಡುವಾಗ ಮಾತ್ರ ಕ್ಷಣಕ್ಷಣಕ್ಕೆ 2 ಆಂಪಿಯರಿನವರೆಗೂ ಗುಟುಕರಿಸುತ್ತದೆ. ಅದು ಕರೆ ಮಾಡಬೇಕಾದ್ದು ಸೈರನ್ನೂ ಪ್ಯಾನೆಲ್ಲಿನ ಅದೇ ಬ್ಯಾಟರಿಯನ್ನು ಹೀರುತ್ತಿರುವ ಹೊತ್ತಿನಲ್ಲಿ. ಜತೆಗೆ ಮೇನ್ಸ್ ಇಲ್ಲ, ಬ್ಯಾಟರಿಗೆ ವಯಸ್ಸಾಗಿದೆ ಎಂದಿಟ್ಟುಕೊಳ್ಳಿ. ವೋಲ್ಟೇಜ್ ಕುಸಿದು ಮಾಡ್ಯೂಲು ರೀಸೆಟ್ ಆಗುತ್ತದೆ, ಮತ್ತೆ ನೆಟ್‌ವರ್ಕ್ ಹುಡುಕುತ್ತದೆ, ಮತ್ತೆ ಕರೆಗೆ ಹೊರಡುತ್ತದೆ, ಮತ್ತೆ ಬೀಳುತ್ತದೆ. ಟೆಸ್ಟ್ ಮಾಡಿದಾಗ ಇದು ಕಾಣದಿರಲು ಕಾರಣ ನಮ್ಮ ಸಭ್ಯತೆ: ನೆರೆಯವರಿಗೆ ತೊಂದರೆಯಾಗದಿರಲೆಂದು ಸೈರನ್ ತಂತಿ ಬಿಚ್ಚಿಟ್ಟು, ಹಗಲು ಹೊತ್ತಿನಲ್ಲಿ, ಮೇನ್ಸ್ ಇರುವಾಗ ಟೆಸ್ಟ್ ಮಾಡಿರುತ್ತೇವೆ. ಮೇನ್ಸ್ ಆರಿಸಿ, ಸೈರನ್ ಕೂಗಿಸಿಯೇ ನೋಡಬೇಕು. ನೆರೆಯವರಿಗೆ ಮೊದಲೇ ಹೇಳಿದರೆ ಸಾಕು.

ಲ್ಯಾಂಡ್‌ಲೈನಿಗೆ ಕೊಡುವ ಹಳೆಯ ಪದ್ಧತಿಯ ಬಗ್ಗೆ ನನಗಿನ್ನೂ ಗೌರವವಿದೆ. ತಾಮ್ರದ ಜೋಡಿ ತಂತಿ 48 ವೋಲ್ಟನ್ನು ಎಕ್ಸ್‌ಚೇಂಜಿನಿಂದಲೇ ಹೊತ್ತು ತರುತ್ತಿತ್ತು. ಇಡೀ ಬೀದಿಗೆ ಕರೆಂಟಿಲ್ಲದಿದ್ದರೂ ಫೋನು ಬದುಕಿರುತ್ತಿತ್ತು. ಅಲ್ಲಿ ನಿಯಮ ಒಂದೇ. ಹೊರಗಿನ ಲೈನು ಮೊದಲು ಡಯಲರಿಗೆ ಬಂದು, ಅದರ ಮೂಲಕ ಮನೆಯ ಫೋನುಗಳಿಗೆ ಹೋಗಬೇಕು. ಪಕ್ಕಕ್ಕೆ ಜೋಡಿಸಿದರೆ ಕಳ್ಳ ರಿಸೀವರ್ ಎತ್ತಿಟ್ಟರೆ ಮುಗಿಯಿತು, ಡಯಲರ್ ನಂಬರ್ ಒತ್ತುತ್ತಲೇ ಇರುತ್ತದೆ, ಕರೆ ಹೋಗುವುದಿಲ್ಲ. ಈಗ ಆ ಜಾಗಕ್ಕೆ ಫೈಬರ್ ಬಂದಿದೆ. ಗೋಡೆಯ ಮೇಲಿನ ಮೋಡೆಮ್ಮಿನ ಹಿಂದೆ ಅದೇ ಹಳೆಯ ಆಕಾರದ ಫೋನ್ ಸಾಕೆಟ್ ಇರುವುದರಿಂದ ಡಯಲರಿನ ಪಿನ್ನು ಅದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಮೋಡೆಮ್ಮಿಗೆ ಮನೆಯ ಕರೆಂಟೇ ಗತಿ. ಡಯಲರಿಗೆ ಬ್ಯಾಟರಿಯ ಆಸರೆ ಕೊಟ್ಟು ಮೋಡೆಮ್ಮನ್ನು ಹಾಗೇ ಬಿಟ್ಟ ಮನೆಯಲ್ಲಿ, ಮೇನ್ ಸ್ವಿಚ್ ಇಳಿಸುವುದೊಂದೇ ಕಳ್ಳನಿಗೆ ಬೇಕಾದ ವಿದ್ಯೆ.

ಸಿಮ್ಮಿನ ಕತೆ ಚಿಕ್ಕದು, ಕಹಿಯಾದದ್ದು. ರೀಚಾರ್ಜ್ ಮುಗಿದರೆ ಹೊರಕರೆ ಬಂದ್. ಜಿಯೋ ಜಾಲದಲ್ಲಿ 2ಜಿ ಇಲ್ಲದ ಕಾರಣ 2ಜಿ ಮಾಡ್ಯೂಲಿನ ಡಯಲರಿಗೆ ಆ ಸಿಮ್ಮಿನಲ್ಲಿ ನೆಟ್‌ವರ್ಕ್ ಸಿಗುವುದೇ ಇಲ್ಲ. ಅಂಗಡಿಯಲ್ಲಿ ಪೆಟ್ಟಿಗೆ ಕೊಡುವವರು ಇವೆರಡನ್ನೂ ಹೇಳಬೇಕು, ಹೇಳುವುದಿಲ್ಲ.

ಇಷ್ಟೆಲ್ಲ ದಾಟಿ ಕರೆ ಹೋಯಿತೆನ್ನಿ. ಫೋನಿನ ಮಾಲೀಕರು ಬಸ್ಸಿನಲ್ಲಿ ಘಾಟಿ ಇಳಿಯುತ್ತಿದ್ದಾರೆ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆಂದು ಕಂಪನಿಯ ಹೆಣ್ಣು ದನಿ ಹೇಳುತ್ತದೆ. ಸೀದಾಸಾದಾ ಡಯಲರಿಗೆ ಅದೂ ಒಂದು ಉತ್ತರವೇ. ತನ್ನ ಮಾತನ್ನು ಆ ದನಿಗೇ ಒಪ್ಪಿಸುತ್ತದೆ. ಎರಡು ರೆಕಾರ್ಡಿಂಗುಗಳು ಒಂದಕ್ಕೊಂದು ಸುದ್ದಿ ಹೇಳಿಕೊಂಡು ಫೋನು ಇಡುತ್ತವೆ. ನನ್ನ ಮಟ್ಟಿಗೆ ಡಯಲರಿನ ಯೋಗ್ಯತೆ ತೂಗುವ ಜಾಗ ಇದೇ. ಕೇಳಿದವರು ಫೋನಿನಲ್ಲೊಂದು ಗುಂಡಿ ಒತ್ತಿ ಒಪ್ಪಿಕೊಳ್ಳುವವರೆಗೂ ಬಿಡದೆ ಮುಂದಿನ ನಂಬರಿಗೆ ಹೋಗುವ ಯಂತ್ರ ಬೇರೆ, ಒಂದು ಸುತ್ತು ಒದರಿ ಮಲಗುವ ಯಂತ್ರ ಬೇರೆ. ಬೆಲೆಯಲ್ಲಿ ಇವುಗಳ ನಡುವೆ ಅಂಥ ಅಂತರವೇನಿಲ್ಲ. ಅಂಗಡಿಯವರು ಎಷ್ಟು ನಂಬರ್ ಹಿಡಿಸುತ್ತದೆ ಎಂದು ಹೊಗಳುತ್ತಾರೆ. ನೀವು ಈ ಗುಂಡಿಯ ವಿಷಯ ಕೇಳಿ.

ಜತೆಗೆ ದಿನಕ್ಕೊಂದು ಸಲ, ನಿಗದಿಯಾದ ಹೊತ್ತಿಗೆ, ತಾನು ಬದುಕಿದ್ದೇನೆಂದು ಸಂದೇಶ ಕಳಿಸುವ ಸೌಲಭ್ಯವಿರಬೇಕು. ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಸಂದೇಶ ಬಾರದಿದ್ದರೆ ರೀಚಾರ್ಜ್ ಮುಗಿದಿದೆಯೋ, ಬ್ಯಾಟರಿ ಸತ್ತಿದೆಯೋ, ತಂತಿ ಕಡಿದಿದೆಯೋ ಎಂದು ಕಳ್ಳ ಬರುವ ಮೊದಲೇ ವಿಚಾರಿಸಬಹುದು. ಈ ಸೌಲಭ್ಯವಿರುವ ಪೆಟ್ಟಿಗೆಗಳಲ್ಲೂ ಎಸ್ಸೆಮ್ಮೆಸ್ ಖರ್ಚು ಉಳಿಸಲೆಂದು ಅದನ್ನು ಆಫ್ ಮಾಡಿಟ್ಟು ಹೋಗುತ್ತಾರೆ. ಗ್ರಾಹಕರೂ ದಿನಾ ಬರುವ ಸಂದೇಶ ಕಿರಿಕಿರಿ ಎನ್ನುತ್ತಾರೆ. ಆ ಕಿರಿಕಿರಿಯಷ್ಟೇ ಡಯಲರಿನಿಂದ ದಿನವೂ ಸಿಗುವ ಲಾಭ.

ಉಳಿದದ್ದು ನಂಬರುಗಳ ಪಟ್ಟಿ. ಸಾಮಾನ್ಯವಾಗಿ ಮೊದಲ ಹೆಸರು ಮಗನದ್ದು, ಅವನು ಡಲ್ಲಾಸಿನಲ್ಲಿರುತ್ತಾನೆ. ಪ್ರೀಪೇಯ್ಡ್ ಸಿಮ್ಮಿಗೆ ಐಎಸ್‌ಡಿ ಹಾಕಿಸದಿದ್ದರೆ ಆ ಕರೆ ಹೋಗುವುದೇ ಇಲ್ಲ. ಹೋದರೂ ಅವನು ಅಲ್ಲಿಂದ ಮತ್ತೆ ಪಕ್ಕದ ಮನೆಗೇ ಫೋನು ಮಾಡಬೇಕು. ಹಾಗಿದ್ದಮೇಲೆ ಬೀಗದಕೈ ಇಟ್ಟುಕೊಂಡಿರುವ ಪಕ್ಕದ ಮನೆಯವರನ್ನೇ ಒಂದನೇ ನಂಬರಿಗೆ ಹಾಕುವುದು ವಾಸಿ. ಡಯಲರಿನ ಸಿಮ್ ನಂಬರನ್ನು ಅವರ ಫೋನಿನಲ್ಲಿ ಹೆಸರು ಕೊಟ್ಟು ಉಳಿಸಿ, ಸೈಲೆಂಟಿನಲ್ಲಿದ್ದರೂ ಬಡಿಯುವಂತೆ ಸೆಟ್ಟಿಂಗ್ ಮಾಡಿಕೊಡಿ. ಇಲ್ಲವಾದರೆ ಅಪರಾತ್ರಿಯಲ್ಲಿ ಬಂದ ಗೊತ್ತಿಲ್ಲದ ನಂಬರನ್ನು, ಸಾಲ ಕೊಡುವವರದಿರಬೇಕೆಂದು ಅವರು ಕತ್ತರಿಸುತ್ತಾರೆ.